ಲಾವಾ ಸುರಂಗಗಳಲ್ಲಿ ಸ್ಕೂಬಾ ಮುಳುಗುವಿಕೆ: ಸುರಕ್ಷತೆ ಮತ್ತು ಶಿಕ್ಷಣ

ಜ್ವಾಲಾಮುಖಿಯಿಂದ ಹೊರಟ ಲಾವಾರಸವು ಹರಿದು ಬರಿದಾದ ಮೇಲೆ ಉಳಿಯುವ ಶಿಲಾನಾಳಗಳಿಗೆ ಲಾವಾ ಸುರಂಗಗಳೆಂದು ಹೆಸರು. ಇವುಗಳಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗಿದ್ದು ನೀರು ತುಂಬಿಕೊಂಡಿರುವಂಥವುಗಳೊಳಗೆ, ಬೆನ್ನಿಗೆ ಕಟ್ಟಿದ ಸಿಲಿಂಡರಿನ ಸಂಕುಚಿತ ವಾಯುವನ್ನು ಉಸಿರಾಡುತ್ತ ಸಂಚರಿಸುವುದು ಗುಹಾ ಮುಳುಗುವಿಕೆಯ ಒಂದು ಶಾಖೆ. ಶಾಂತಸಾಗರದ ನಡುವಣ ಹವಾಯಿ ದ್ವೀಪಗಳೂ ಆಫ್ರಿಕದ ವಾಯವ್ಯಕ್ಕಿರುವ, ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳೂ ಇದರ ಮುಖ್ಯ ಕ್ಷೇತ್ರಗಳು. ಮೊದಲನೆಯದರಲ್ಲಿ ವಿಹಾರಕ್ಕೆಂದು ಬಂದ ಸಾಮಾನ್ಯ ಪ್ರವಾಸಿಗಳು ಹೆಚ್ಚಾಗಿ ಇಂಥ ಸುರಂಗಗಳನ್ನು ಹೊಗುತ್ತಾರೆ. ಎರಡನೆಯದರಲ್ಲಿ ಜಗತ್ತಿನ ಅತ್ಯಂತ ಪ್ರಸಿದ್ಧವಾದ ಮುಳುಗಿದ ಲಾವಾ ಸುರಂಗವಿದ್ದರೂ ಅದರೊಳಗೆ ಪ್ರವೇಶಿಸಿದವರು ಕೆಲವೇ ಮಂದಿ ಅನ್ವೇಷಕರು ಮತ್ತು ಜೀವವಿಜ್ಞಾನಿಗಳು. ಸುರಕ್ಷತೆಯ ದೃಷ್ಟಿಯಿಂದ ನೋಡಿದರೆ ಕಠಿನವಾದ ಎರಡನೆಯದಕ್ಕಿಂತ ಸುಲಭವೆಂದು ತೋರುವ ಮೊದಲನೆಯದೇ ಹೆಚ್ಚಿನ ವಿವೇಚನೆಯನ್ನು ಬೇಡುತ್ತದೆಂಬುದು ಈ ಲೇಖನದಲ್ಲಿ ಮುಂದೆ ಸ್ಪಷ್ಟವಾದೀತು.

ಸುರಂಗದ ಹುಟ್ಟನ್ನು ತಿಳಿಯದೆ ಅದರೊಳಗಿನ ಅಪಾಯಗಳನ್ನು ತಿಳಿಯಲಾಗದು. ಬಸಾಲ್ಟ್ ಜಾತಿಯ ಲಾವಾರಸವು ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೊರಬರುತ್ತದೆ. ಸ್ನಿಗ್ಧತೆ ಕಡಿಮೆಯಾದ್ದರಿಂದ ಇಳಿಜಾರಿನಲ್ಲಿ ಬಲುದೂರ ಹರಿಯಬಲ್ಲುದು. ಆಲೆಮನೆಯಲ್ಲಿ ಅಚ್ಚಿಗೆ ಸುರಿದ ಬೆಲ್ಲದ ಪಾಕದ ಮೇಲ್ಮೈ ಮೊದಲು ಗಟ್ಟಿಯಾಗಿ ಒಳಗಿನದು ಇನ್ನೂ ಕೆಲಹೊತ್ತು ದ್ರವವಾಗಿಯೇ ಇರುವಂತೆ, ಈ ಪ್ರವಾಹದ ಮೇಲ್ಪದರವೂ ಅಂಚುಗಳೂ ಗಾಳಿಗೆ ತಣಿದು ಶಿಲೆಯಾದರೂ, ಆ ಶಿಲೆಯ ಹೊದಿಕೆಯೇ ಶಾಖವನ್ನು ತಡೆದಿಡುವುದರಿಂದ, ಒಳಗಿನ ರಸವು ಹರಿಯುತ್ತಲೇ ಇರುತ್ತದೆ. ಮೂಲದಿಂದ ಪೂರೈಕೆ ನಿಂತಾಗ ರಸವೆಲ್ಲ ಕೆಳಕ್ಕೆ ಬಸಿದುಹೋಗಿ ಟೊಳ್ಳಾದ ನಾಳವೊಂದು ಉಳಿಯುತ್ತದೆ. ಹವಾಯಿಯ ಕಜುಮುರಾ ಎಂಬ, ನೆಲದ ಮೇಲಣ ಸುರಂಗವು ಹೀಗೆ ಉಂಟಾದುದೇ. ಅದರ ಒಟ್ಟು ಉದ್ದ ಸುಮಾರು 65 ಕಿಲೋಮೀಟರು. ರಸದ ಮಟ್ಟವು ಹಂತಹಂತವಾಗಿ ಇಳಿದುದರ ಗುರುತಾಗಿ ಗೋಡೆಗಳಲ್ಲಿ ಜಗಲಿಗಳಂಥ ಅಂಚುಗಳೂ, ಚಾವಣಿಯಲ್ಲಿ ಕರಗಿ ತೊಟ್ಟಿಕ್ಕಿದ ಶಿಲೆಯ ಮೊನೆಗಳೂ, ಅಲ್ಲಲ್ಲಿ ಚಾವಣಿ ಕುಸಿದು ಆಕಾಶಕ್ಕೆ ತೆರೆದ ಬಾಯಿಗಳೂ ಕಾಣಸಿಗುತ್ತವೆ.

ಈ ಬಗೆಯ ಸುರಂಗವು ಸುಣ್ಣಕಲ್ಲಿನ ಗುಹೆಗಿಂತ ಮೂಲತಃ ಬೇರೆ. ಸುಣ್ಣಕಲ್ಲಿನ ಗುಹೆಯನ್ನು ಕೊರೆದುದು ನೀರು. ಸಾವಿರಾರು ವರ್ಷಗಳ ಕಾಲ ಬಂಡೆಯ ಬಿರುಕುಬಿರುಕುಗಳನ್ನು ಕರಗಿಸುತ್ತ ಅದು ನಿರ್ಮಿಸಿದ ದಾರಿಗಳು ಕವಲೊಡೆದು ಮತ್ತೆ ಕೂಡಿ ದೊಡ್ಡ ಜಟಿಲ ಜಾಲವಾಗುವುದುಂಟು. ಲಾವಾ ಸುರಂಗವಾದರೋ ಒಂದೇ ಪ್ರವಾಹದ ದಾರಿ. ಸಾಮಾನ್ಯವಾಗಿ ಒಂದೇ ದಿಕ್ಕಿಗೆ, ಇಳಿಜಾರನ್ನು ಅನುಸರಿಸಿ ಸಾಗುತ್ತದೆ. ದಾರಿ ತಪ್ಪುವ ಭಯವು ಇಲ್ಲಿ ಕಡಿಮೆಯೆಂದು ಇದರಿಂದ ಊಹಿಸುವುದು ಸಹಜವಾದರೂ, ಪ್ರವಾಹಗಳು ಒಂದರ ಮೇಲೊಂದು ಹರಿದ ಕಡೆ ಅಂತಸ್ತುಗಳೂ ಪಕ್ಕದ ಕವಲುಗಳೂ ಉಂಟಾಗಿರುತ್ತವೆ. ಚಾವಣಿ ಕುಸಿದ ಕಡೆ ಬಂಡೆಗಳ ರಾಶಿಯ ನಡುವೆ ಹಲವು ಸಂದುಗಳು ಬಾಗಿಲುಗಳಂತೆ ತೋರುತ್ತವೆ. ಬಸಾಲ್ಟಿನ ಕಪ್ಪು ಬಣ್ಣವು ಟಾರ್ಚಿನ ಬೆಳಕನ್ನು ಹೀರಿಕೊಳ್ಳುವುದರಿಂದ, ತಿಳಿಬಣ್ಣದ ಸುಣ್ಣಕಲ್ಲಿನ ಗುಹೆಯಲ್ಲಿ ದೂರದವರೆಗೆ ಕಾಣುವಂಥದು ಇಲ್ಲಿ ಹತ್ತಿರದಲ್ಲಿಯೂ ಕಾಣದೆ ಹೋಗಬಹುದು. ಐಸ್‌ಲೆಂಡಿನ ಸಿಲ್‌ಫ್ರಾ ಎಂಬ ಖ್ಯಾತ ತಾಣವನ್ನು ಕೆಲವರು ಈ ವರ್ಗಕ್ಕೆ ಸೇರಿಸುವುದುಂಟು. ಆದರೆ ಅದು ಭೂಫಲಕಗಳು ಅಗಲಿದುದರಿಂದ ಬಿರಿದ ಕಂದಕ. ಮೇಲೆ ಬಾನಿಗೆ ತೆರೆದದ್ದು. ಆದುದರಿಂದ ಈ ಲೇಖನದ ವ್ಯಾಪ್ತಿಗೆ ಹೊರಗು.

ಗಾಳಿಯಲ್ಲಿ ರೂಪುಗೊಂಡ ನಾಳವು ನೀರಿನಲ್ಲಿ ಮುಳುಗಿದುದು ಹೇಗೆಂಬ ಪ್ರಶ್ನೆಗೆ ಕ್ಯಾನರಿ ದ್ವೀಪಸಮೂಹದ ಲಾಂಜ಼ರೋಟೆ ಒಳ್ಳೆಯ ಉತ್ತರವನ್ನು ಕೊಡುತ್ತದೆ. ಆ ದ್ವೀಪದ ಉತ್ತರಭಾಗದಲ್ಲಿರುವ ಲಾ ಕೊರೋನ ಜ್ವಾಲಾಮುಖಿಯು ಸುಮಾರು 21,000 ವರ್ಷಗಳ ಹಿಂದೆ ಸಿಡಿದಾಗ, ಹಿಮಯುಗದ ಪರಮಾವಧಿಯಾಗಿದ್ದ ಆ ಕಾಲದಲ್ಲಿ, ಸಮುದ್ರದ ಮಟ್ಟವು ಇಂದಿಗಿಂತ ಸುಮಾರು 120 ಮೀಟರು ಕೆಳಗಿತ್ತು. ಲಾವಾರಸವು ಅಂದಿನ ಒಣನೆಲದ ಮೇಲೆ ಹರಿದು ಅಂದಿನ ಕಡಲತ್ತ ಸಾಗಿತು. ಹಿಮ ಕರಗಿ ಸಮುದ್ರವೇರಿದಂತೆ ನಾಳದ ಕೆಳತುದಿಯು ನೀರಿನ ಪಾಲಾಯಿತು. ಏಳು ಕಿಲೋಮೀಟರಿಗೂ ಮಿಕ್ಕ ಈ ವ್ಯವಸ್ಥೆಯ ಒಣಭಾಗದಲ್ಲಿ ಕುಯೇವ ದೆ ಲೊಸ್ ವೆರ್ದೆಸ್ ಎಂಬ ಪ್ರವಾಸಿಗುಹೆಯೂ, ಕಲಾವಿದ ಸೇಸರ್ ಮನ್ರೀಕೆ 1960ರ ದಶಕದಲ್ಲಿ ರೂಪಿಸಿದ, ಕೊಳವೊಂದನ್ನುಳ್ಳ ಹಮೇಓಸ್ ದೆಲ್ ಆಗ್ವಾ ಎಂಬ ತಾಣವೂ ಇವೆ. ಆ ಕೊಳದಿಂದ ಮುಂದಕ್ಕೆ ಕಡಲಿನ ಕೆಳಗೆ ಹೊಕ್ಕಿರುವ ಮುಳುಗಿದ ಭಾಗಕ್ಕೆ ಅಟ್ಲಾಂಟಿಸ್ ಸುರಂಗವೆಂದು ಹೆಸರು. ಇದರ ಉದ್ದ ಸುಮಾರು 1.6 ಕಿಲೋಮೀಟರು; ಅತ್ಯಂತ ಆಳದ ತಾಣ ಸುಮಾರು 64 ಮೀಟರು; ತುದಿಯು ಮುಚ್ಚಿದೆ.

ಈ ಮೂರು ಸಂಗತಿಗಳನ್ನು ಒಟ್ಟಿಗೆ ನೋಡಿದರೆ ಮುಳುಗುಗಾರನ ಪಾಡು ತಾನಾಗಿ ವಿಶದವಾಗುತ್ತದೆ. ಲಾವಾರಸವು ಇಳಿಜಾರಿನಲ್ಲಿ ಹರಿದುದರಿಂದ, ನೆಲದ ಕಡೆಯಿಂದ ಹೊಕ್ಕವನು ಮುಂದೆ ಹೋದಷ್ಟೂ ಆಳಕ್ಕೆ ಇಳಿಯುತ್ತಾನೆ. ಬಾಗಿಲಿನಿಂದ ದೂರವೂ ಮೇಲ್ಮೈಯಿಂದ ಆಳವೂ ಒಟ್ಟಿಗೆ ಹೆಚ್ಚುತ್ತವೆ. 64 ಮೀಟರಿನಲ್ಲಿ ಒತ್ತಡವು ಮೇಲ್ಮೈಯ ಒತ್ತಡದ ಸುಮಾರು 7.4 ಪಟ್ಟು. ಅಲ್ಲಿ ಸಾಮಾನ್ಯ ವಾಯುವನ್ನು ಉಸಿರಾಡುವವನಿಗೆ ಸಾರಜನಕದ ಅಮಲು ಬಲವಾಗಿ ಏರುವುದಲ್ಲದೆ, ಆಮ್ಲಜನಕದ ಆಂಶಿಕ ಒತ್ತಡವು 1.5 ಬಾರನ್ನು ದಾಟಿ, ರೂಢಿಯ ಮಿತಿಯಾದ 1.4 ಬಾರನ್ನು ಮೀರುತ್ತದೆ. ಮಿತಿ ಮೀರಿದ ಆಮ್ಲಜನಕವು ಮುನ್ಸೂಚನೆಯಿಲ್ಲದೆ ಸೆಳವುರೋಗದಂಥ ಕಂಪನವನ್ನು ತರಬಲ್ಲುದು. ಆದಕಾರಣ ಹೀಲಿಯಂ ಬೆರೆಸಿದ ಅನಿಲಮಿಶ್ರಣವಿಲ್ಲದೆ ಅಂಥ ಆಳಕ್ಕೆ ಇಳಿಯುವುದು ಅವಿವೇಕ. ಹಿಂದಿರುಗುವಾಗ, ರಕ್ತಮಾಂಸಗಳಲ್ಲಿ ಕರಗಿದ ಅನಿಲವು ನಿಧಾನವಾಗಿ ಹೊರಬರಲು ಅವಶ್ಯವಾದ ತಂಗುವಿಕೆಗಳನ್ನೆಲ್ಲ ಕತ್ತಲೆಯ ನಾಳದೊಳಗೇ ಕಳೆಯಬೇಕು.

ಹವಾಯಿಯ ಸುರಂಗಗಳ ಸ್ವಭಾವವೇ ಬೇರೆ. ಕೋನಾ ತೀರದಲ್ಲಿಯೂ ಮಾವಿ, ಲನಾಯಿ ದ್ವೀಪಗಳ ಅಂಚಿನಲ್ಲಿಯೂ ಇರುವ ನಾಳಗಳು ಬಹುಪಾಲು ಚಿಕ್ಕವು. ಐದರಿಂದ ಇಪ್ಪತ್ತು ಮೀಟರಿನ ಆಳದಲ್ಲಿ, ಒಂದು ಬಾಯಿಯಿಂದ ಹೊಕ್ಕರೆ ಮತ್ತೊಂದು ಬಾಯಿಯ ನೀಲಿ ಬೆಳಕು ಎದುರಿಗೆ ಕಾಣುವಂಥವು. ಲನಾಯಿಯ ಪ್ರಸಿದ್ಧವಾದ ಎರಡು ‘ಕೆಥೀಡ್ರಲ್’ಗಳು ಕಟ್ಟುನಿಟ್ಟಾಗಿ ಹೇಳಿದರೆ ಸುರಂಗಕ್ಕಿಂತ ಕೋಣೆಗಳೆನಿಸಿಕೊಳ್ಳಲು ತಕ್ಕವು, ಚಾವಣಿಯ ರಂಧ್ರಗಳಿಂದ ಕೋಲುಕೋಲಾಗಿ ಇಳಿಯುವ ಬಿಸಿಲನ್ನು ನೋಡಲು ಬರುವವರು ಅಸಂಖ್ಯಾತರು, ಅಲ್ಲಿಯೇ ವಿವಾಹವಾದವರೂ ಉಂಟು. ಗೋಡೆಗಳ ಮೇಲೆ ಕಿತ್ತಳೆಬಣ್ಣದ ಬಟ್ಟಲುಹವಳ, ಬಿರುಕುಗಳಲ್ಲಿ ಮುಳ್ಳುಸಿಗಡಿಗಳು, ನೆಲದ ಮೇಲೆ ಹಗಲುನಿದ್ದೆಯಲ್ಲಿರುವ ಬಿಳಿತುದಿಯ ಶಾರ್ಕುಗಳು, ಅಪರೂಪಕ್ಕೆ ವಿಶ್ರಮಿಸುವ ಮಾಂಕ್ ಸೀಲ್ – ಇಷ್ಟೊಂದು ಚೆಲುವು ಇಷ್ಟು ಹತ್ತಿರದಲ್ಲಿರುವಾಗ ಒಳಹೊಗಬಾರದೆಂದರೆ ಯಾರು ತಾನೆ ಒಪ್ಪಿಯಾರು?

ಇಲ್ಲಿನ ಮುಖ್ಯ ಶತ್ರು ಅಲೆಯ ತುಯ್ದಾಟ. ದೂರದ ಬಿರುಗಾಳಿಯಿಂದ ಹುಟ್ಟಿ ಬರುವ ದೀರ್ಘ ತರಂಗಗಳ ನಡುವೆ ಹದಿನೈದು ಸೆಕೆಂಡುಗಳ ಅಂತರವಿದ್ದರೆ, ಆಳಸಮುದ್ರದಲ್ಲಿ ಅವುಗಳ ಅಲೆಯುದ್ದವು ಸುಮಾರು 350 ಮೀಟರಾಗಿರುತ್ತದೆ; ತರಂಗದ ಚಲನೆಯು ಆ ಉದ್ದದ ಅರ್ಧದಷ್ಟು ಆಳದವರೆಗೂ ತಟ್ಟುವುದರಿಂದ, ಮೇಲೆ ಕಡಲು ಸೌಮ್ಯವಾಗಿ ಉಬ್ಬಿಳಿಯುತ್ತಿರುವಂತೆ ತೋರಿದರೂ ಹತ್ತಿಪ್ಪತ್ತು ಮೀಟರಿನ ಕೆಳಗೆ ನೀರು ಮುಂದಕ್ಕೂ ಹಿಂದಕ್ಕೂ ಬಲವಾಗಿ ಓಲಾಡುತ್ತಿರುತ್ತದೆ. ಈ ನೀರು ನಾಳದ ಕಿರಿದಾದ ಭಾಗವನ್ನು ಹಾಯುವಾಗ ಅದರ ವೇಗವು ಹೆಚ್ಚುತ್ತದೆ. ದಾರಿಯ ವಿಸ್ತಾರವು ಅರ್ಧವಾದಲ್ಲಿ ವೇಗವು ಇಮ್ಮಡಿಯಾಗಲೇಬೇಕು. ಎರಡೂ ತುದಿ ತೆರೆದ ನಾಳವು ಮುಳುಗುಗಾರನನ್ನು ಒಳಕ್ಕೆ ಸೆಳೆದು ಹೊರಕ್ಕೆ ಎಸೆಯಬಲ್ಲುದು. ಲನಾಯಿಯ ಮೊದಲ ಕೆಥೀಡ್ರಲ್‌ನಲ್ಲಿ ಹೀಗೆ ಹೊರಕ್ಕೆ ಚಿಮ್ಮಿಸುವ ಸಂದೊಂದನ್ನು ಜನ ವಿನೋದಕ್ಕಾಗಿಯೇ ಹಾಯುತ್ತಾರೆ. ಒಂದೇ ಬಾಯುಳ್ಳ ನಾಳವು ಇನ್ನೂ ಕೆಟ್ಟದು: ಒಳಗಿನ ತುದಿಯಲ್ಲಿ ಸಿಕ್ಕಿದ ಗಾಳಿಯನ್ನು ಪ್ರತಿಯೊಂದು ಅಲೆಯೂ ಒತ್ತಿ, ಆ ಗಾಳಿಯು ಮರಳಿ ನೀರನ್ನು ತಳ್ಳಿ, ನಾಳವೆಲ್ಲ ಪಿಚಕಾರಿಯಾಗುತ್ತದೆ. ಬಸಾಲ್ಟಿನ ಗೋಡೆಯು ಗಾಜಿನಂಥ ಚೂಪುಳ್ಳದ್ದೆಂಬುದನ್ನು ಇದರೊಡನೆ ಸೇರಿಸಿ ನೋಡಿದರೆ ಗಾಯಗಳ ಬಗೆಯನ್ನು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಹವಾಯಿಯಲ್ಲಿ ಸುರಂಗವನ್ನು ಹೊಗುವ ನಿರ್ಣಯವು ದಡದಲ್ಲಿಯೇ ಆರಂಭವಾಗಬೇಕು. ಉತ್ತರದ ತೀರಗಳಿಗೆ ಚಳಿಗಾಲದ ಅಲೆಗಳೂ ದಕ್ಷಿಣದ ತೀರಗಳಿಗೆ ಬೇಸಿಗೆಯ ಅಲೆಗಳೂ ಬಡಿಯುತ್ತವೆ. ಮೌನಾ ಲೋವಾ ಮೊದಲಾದ ಪರ್ವತಗಳ ಮರೆಯಲ್ಲಿರುವ ಕೋನಾ ತೀರವು ವಾಣಿಜ್ಯ ಮಾರುತಗಳಿಂದ ಬಹುಮಟ್ಟಿಗೆ ರಕ್ಷಿತ. ಅಲೆಗಳು ಗುಂಪುಗುಂಪಾಗಿ ಬರುವುದರಿಂದ, ಬಾಯಿಯ ಹೊರಗೆ ಕೆಲವು ನಿಮಿಷ ನಿಂತು, ದೊಡ್ಡ ಗುಂಪೊಂದು ಹಾದುಹೋಗುವವರೆಗೆ ಕಾದು, ತೇಲುವ ಪಾಚಿಯೂ ಮೀನುಗಳೂ ಎಷ್ಟು ದೂರ ತುಯ್ಯಲ್ಪಡುತ್ತವೆಂಬುದನ್ನು ನೋಡಿ ಅನಂತರ ಹೊಗುವುದು ಅನುಭವಿ ಮಾರ್ಗದರ್ಶಿಗಳ ಪದ್ಧತಿ. ಓಲಾಟದ ವಿರುದ್ಧ ಕಾಲು ಬಡಿಯುವುದು ವ್ಯರ್ಥ. ನೀರು ಮುಂದಕ್ಕೆ ಸಾಗುವಾಗ ಅದರೊಡನೆ ಸಾಗಿ, ಹಿಂದಕ್ಕೆಳೆಯುವಾಗ ತಟಸ್ಥನಾಗಿರಬೇಕು.

ಇನ್ನು ಮೂಲವಾದ ಪ್ರಶ್ನೆ. 1943ರಲ್ಲಿ ಕೂಸ್ತೋ ಮತ್ತು ಗ್ಯಾನ್ಯಾ ಎಂಬ ಫ್ರೆಂಚರು ಸ್ವತಂತ್ರ ಉಸಿರಾಟದ ಸಾಧನವನ್ನು ಸಿದ್ಧಪಡಿಸಿದ ಮೇಲೆ ಬೆಳೆದ ಸಾಮಾನ್ಯ ಸ್ಕೂಬಾ ಶಿಕ್ಷಣದ ಸಮಸ್ತ ಸುರಕ್ಷತೆಯೂ ಒಂದೇ ಆಧಾರದ ಮೇಲೆ ನಿಂತಿದೆ: ಏನೇ ಕೆಟ್ಟರೂ ಮೇಲಕ್ಕೆ ಹೋಗಬಹುದು. ವಾಯು ತೀರಿದರೆ, ಮುಖವಾಡ ಕಳಚಿದರೆ, ಜೊತೆಗಾರ ಕಾಣದಾದರೆ, ಗಾಬರಿಯಾದರೆ, ಎಲ್ಲಕ್ಕೂ ಕಡೆಯ ಉತ್ತರ ನೀರಿನ ಮೇಲ್ಮೈ. ತಲೆಯ ಮೇಲೆ ಕಲ್ಲಿನ ಚಾವಣಿ ಬಂದೊಡನೆ ಆ ಉತ್ತರವು ಇಲ್ಲವಾಗುತ್ತದೆ. ಕಲಿತ ವಿದ್ಯೆಯ ಒಂದು ಭಾಗವು ನಿಷ್ಪ್ರಯೋಜಕವಾಗುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅಭ್ಯಾಸದಿಂದ ಮೈಗೂಡಿದ ಮೇಲಕ್ಕೇರುವ ಪ್ರವೃತ್ತಿಯೇ ಚಾವಣಿಗೆ ಅಪ್ಪಳಿಸುವುದಕ್ಕೂ, ಹೂಳನ್ನು ಕೆದರುವುದಕ್ಕೂ, ದಾರಿಯನ್ನು ಕಳೆದುಕೊಳ್ಳುವುದಕ್ಕೂ ಕಾರಣವಾಗುತ್ತದೆ.

ಪ್ರವಾಸಿ ದೋಣಿಗಳ ಭಾಷೆಯಲ್ಲಿ ಚಿಕ್ಕ ಲಾವಾ ನಾಳವು ‘ಸ್ವಿಮ್ ಥ್ರೂ’. ಅದನ್ನು ಗುಹೆಯೆಂದು ಯಾರೂ ಕರೆಯುವುದಿಲ್ಲ. ಎರಡು ಬಾಯಿಗಳೂ ಒಮ್ಮೆಗೇ ಕಾಣುವ, ಇಬ್ಬರು ಪಕ್ಕಪಕ್ಕದಲ್ಲಿ ಈಜಬಹುದಾದ, ಹತ್ತಾರು ಮಾರು ಉದ್ದದ ಕಮಾನನ್ನು ತಕ್ಕ ಮಾರ್ಗದರ್ಶಿಯ ಹಿಂದೆ ಹಾಯುವುದರಲ್ಲಿ ದೋಷವೆಣಿಸಬೇಕಾಗಿಲ್ಲ. ಆದರೆ ನಾಳವು ಒಂದೇ ಒಂದು ಬಾರಿ ತಿರುಗಿ ಹಗಲಿನ ಬೆಳಕು ಕಣ್ಮರೆಯಾಯಿತೆಂದರೆ ಅದು ಎಷ್ಟೇ ಗಿಡ್ಡವಾಗಿದ್ದರೂ ಗುಹೆಯೇ ಸರಿ. ಈ ಗಡಿಯನ್ನು ಉದ್ದದಿಂದ ಅಳೆಯುವವರು ತಪ್ಪುತ್ತಾರೆ. ಬೆಳಕಿನಿಂದಲೂ ನೇರವಾದ ನಿರ್ಗಮನದಿಂದಲೂ ಅಳೆಯಬೇಕು. ಹಗಲು ನಿರುಪದ್ರವಿಯಾಗಿದ್ದ ಕಮಾನು ಅದೇ ನ್ಯಾಯದಿಂದ ರಾತ್ರಿಯ ಮುಳುಗುವಿಕೆಯಲ್ಲಿ ಗುಹೆಯಾಗುತ್ತದೆ. ಕರ್ನಾಟಕದ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಮೊದಲ ಮುಳುಗುಗಳನ್ನು ಮಾಡಿ, 18 ಮೀಟರಿನವರೆಗಿನ ಪ್ರಾರಂಭಿಕ ಪತ್ರವನ್ನು ಪಡೆದು ಹವಾಯಿಗೆ ವಿಹಾರಕ್ಕೆ ಹೋಗುವ ಕನ್ನಡಿಗನು ನೆನಪಿಡಬೇಕಾದುದು ಇಷ್ಟು: ಆ ಪತ್ರವು ತೆರೆದ ನೀರಿಗೆ ಕೊಟ್ಟದ್ದು, ಚಾವಣಿಯ ಕೆಳಗೆ ಅದಕ್ಕೆ ಬೆಲೆಯಿಲ್ಲ.

ಚಾವಣಿಯ ಕೆಳಗಿನ ನಿಯಮಗಳು ಹುಟ್ಟಿದುದು ಲಾವಾ ದ್ವೀಪಗಳಲ್ಲಿ ಅಲ್ಲ, ಅಮೆರಿಕದ ಫ್ಲಾರಿಡದ ಸುಣ್ಣಕಲ್ಲಿನ ಬುಗ್ಗೆಗಳಲ್ಲಿ. ಎರಡನೆಯ ಮಹಾಯುದ್ಧಾನಂತರ ಸ್ಕೂಬಾ ಉಪಕರಣವು ಸಾಮಾನ್ಯರ ಕೈಗೆ ಬಂದು, ಆ ಬುಗ್ಗೆಗಳ ತಿಳಿನೀರಿಗೆ ಮರುಳಾಗಿ ಒಳಹೊಕ್ಕ ಅನೇಕರು ಹೊರಬರಲಿಲ್ಲ. 1968ರಲ್ಲಿ ಗುಹಾ ಮುಳುಗುಗಾರರ ರಾಷ್ಟ್ರೀಯ ಸಂಘವೊಂದು ಅಲ್ಲಿ ಸ್ಥಾಪಿತವಾಯಿತು. ಮಹಾ ಸಾಹಸಿಯೂ ಗಣಿತದ ಅಧ್ಯಾಪಕನೂ ಆಗಿದ್ದ ಶೆಕ್ ಎಕ್ಸ್‌ಲಿ ಎಂಬಾತನು ಈ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, 1979ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ, ಬಹುಪಾಲು ದುರ್ಮರಣಗಳಿಗೆ ಮೂರು ಲೋಪಗಳೇ ಹೇತುವೆಂದು ತೋರಿಸಿದನು: ಹೊರಬಾಗಿಲಿನವರೆಗೆ ಅವಿಚ್ಛಿನ್ನವಾದ ಮಾರ್ಗದ ಹುರಿಯಿಲ್ಲದಿರುವುದು, ಮರಳುವುದಕ್ಕೆ ಸಾಕಷ್ಟು ವಾಯುವನ್ನು ಉಳಿಸಿಕೊಳ್ಳದಿರುವುದು, ಮಿತಿಮೀರಿ ಆಳಕ್ಕೆ ಹೋಗುವುದು. ತಕ್ಕ ಶಿಕ್ಷಣವಿಲ್ಲದಿರುವುದೂ ಸಾಲದ ದೀಪಗಳೂ ಮುಂದೆ ಇವುಗಳ ಜೊತೆ ಸೇರಿ ಐದಾದವು. ತರ್ಕದಿಂದ ಕಟ್ಟಿದ ಸೂತ್ರಗಳಲ್ಲ ಇವು. ಶವಗಳ ಪಕ್ಕದಲ್ಲಿ ದೊರೆತ ಖಾಲಿ ಸಿಲಿಂಡರುಗಳಿಂದಲೂ ಕೈಯಲ್ಲಿಲ್ಲದ ಹುರಿಗಳಿಂದಲೂ ಓದಿ ತೆಗೆದವು. ಅಪಾಯವನ್ನು ಅಷ್ಟು ಬಲ್ಲ ಎಕ್ಸ್‌ಲಿಯೂ 1994ರಲ್ಲಿ ಮೆಕ್ಸಿಕೋದ ಜ಼ಕಟೋನ್ ಎಂಬ ಅಗಾಧ ಕೂಪದಲ್ಲಿ, ಅತ್ಯಾಳದ ಮುಳುಗುವಿಕೆಯೊಂದರಲ್ಲಿ ತೀರಿಕೊಂಡನು. ಫ್ಲಾರಿಡದ ಗುಹಾದ್ವಾರಗಳಲ್ಲಿ ಇಂದು ನೀರಿನ ಕೆಳಗೇ ನಿಲ್ಲಿಸಿರುವ ಎಚ್ಚರಿಕೆಯ ಫಲಕಗಳು, ತೆರೆದ ನೀರಿನ ಉಪಾಧ್ಯಾಯರೂ ಗುಹೆಗಳಲ್ಲಿ ಸತ್ತಿರುವರೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತವೆ.

ವಾಯುವಿನ ಲೆಕ್ಕವನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಯುಕ್ತ. ಮೂರನೆಯ ಒಂದು ಪಾಲಿನ ನಿಯಮವೆಂದು ಪ್ರಸಿದ್ಧವಾದುದರ ಪ್ರಕಾರ, ಸಿಲಿಂಡರಿನಲ್ಲಿ 210 ಬಾರ್ ಇದ್ದರೆ 70 ಬಾರನ್ನು ಹೋಗುವುದಕ್ಕೆ ಬಳಸಿ, ಮಾಪಕವು 140ನ್ನು ತೋರಿಸಿದ ಕ್ಷಣದಲ್ಲಿ ಹಿಂದಿರುಗಬೇಕು. 70 ಮರಳುವುದಕ್ಕೆ, ಉಳಿದ 70 ಆಪತ್ತಿಗೆ. ಇದು ಉದಾರವಾದ ಉಳಿತಾಯವೆಂದು ತೋರುವುದು. ಆದರೆ ಅತ್ಯಂತ ದೂರದ ತಾಣದಲ್ಲಿ ಒಬ್ಬನ ವಾಯುವೆಲ್ಲ ನಷ್ಟವಾಯಿತೆಂದು ಭಾವಿಸಿದರೆ, ಇನ್ನೊಬ್ಬನಲ್ಲಿರುವ ಎರಡು ಪಾಲು ಇಬ್ಬರನ್ನೂ ಬಾಗಿಲಿಗೆ ಮುಟ್ಟಿಸಲು ಸರಿಯಾಗಿ ಸಾಕು. ಅದೂ ಇಬ್ಬರೂ ಶಾಂತವಾಗಿ ಉಸಿರಾಡಿದರೆ, ಬಂದಷ್ಟೇ ವೇಗದಲ್ಲಿ ಮರಳಿದರೆ. ಗಾಬರಿಗೊಂಡವನ ಉಸಿರು ಎರಡು ಪಟ್ಟಾಗುವುದು ಸಾಮಾನ್ಯ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರಿಗೆ ಸುಮಾರು 2,400 ಲೀಟರು ವಾಯುವಿದ್ದು, ಅದರ ಮೂರನೆಯ ಒಂದು ಪಾಲು 800 ಲೀಟರು. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರು ಉಸಿರಾಡುವವನಿಗೆ ಅದು 10 ಮೀಟರಿನ ಆಳದಲ್ಲಿ ಇಪ್ಪತ್ತು ನಿಮಿಷ ಬರುತ್ತದೆ, 30 ಮೀಟರಿನಲ್ಲಿ ಹತ್ತೇ ನಿಮಿಷ. ನೆಲದ ಕಡೆಯಿಂದ ಕೆಳಕ್ಕಿಳಿಯುವ ಲಾವಾ ನಾಳದಲ್ಲಿ ವಿಪತ್ತು ಒದಗುವ ತಾಣವು ಅತ್ಯಂತ ದೂರದ್ದೂ ಅತ್ಯಂತ ಆಳದ್ದೂ ಆಗಿರುವ ಸಂಭವವಿರುವುದರಿಂದ, ಗಂಟು ಬಿಡಿಸಲು ಅಲ್ಲಿ ಕಳೆದ ಒಂದೊಂದು ನಿಮಿಷಕ್ಕೂ ತೆರುವ ಬೆಲೆ ಹೆಚ್ಚು. ಅಲೆಯ ತುಯ್ದಾಟವಿರುವ ನಾಳದಲ್ಲಂತೂ ಮರಳುವ ವೇಗವು ಮುಳುಗುಗಾರನ ಕೈಯಲ್ಲಿಲ್ಲ. ಮೂರನೆಯ ಒಂದು ಪಾಲನ್ನು ಪರಮಾವಧಿ ಮಿತಿಯೆಂದೇ ತಿಳಿದು, ಕಡಲ ಸುರಂಗಗಳಲ್ಲಿ ನಾಲ್ಕನೆಯ ಅಥವಾ ಆರನೆಯ ಒಂದು ಪಾಲಿಗೆ ಹಿಂದಿರುಗುವುದೇ ಈ ಲೇಖಕನಿಗೆ ಸಮ್ಮತವಾದ ಪಕ್ಷ.

ಸುರಂಗದ ಆಂತರಿಕ ರೂಪದಿಂದ ಒದಗುವ ಇನ್ನೊಂದು ತೊಡಕನ್ನು ಇಲ್ಲಿಯೇ ಹೇಳಬಹುದು. ಕಡಲ ಕಡೆಯಿಂದ ಇಪ್ಪತ್ತು ಮೀಟರಿನ ಆಳದಲ್ಲಿ ಹೊಕ್ಕ ನಾಳವು ನೆಲದತ್ತ ಏರುತ್ತ ಹೋಗಿ ಒಳಗಿನ ಗಾಳಿಗೂಡೊಂದರಲ್ಲಿ ಮುಗಿಯುವುದುಂಟು. ಅಲ್ಲಿ ತಲೆಯೆತ್ತಿದವನು ಸುರಕ್ಷಿತ ಸ್ಥಾನಕ್ಕೆ ಬಂದೆನೆಂದು ಸಿಲಿಂಡರಿನ ವಾಯುವನ್ನು ಒದಗಿಸುವ, ಬಾಯಿಯಲ್ಲಿನ ರೆಗ್ಯುಲೇಟರನ್ನು ತೆಗೆಯುವುದು ಸಹಜ. ಆದರೆ ಸಂಚಾರವಿಲ್ಲದ ಆ ಗಾಳಿಯಲ್ಲಿ ಆಮ್ಲಜನಕವು ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರಬಹುದು. ಪ್ರತಿ ಅಲೆಗೂ ಗಾಳಿಯು ಒತ್ತಲ್ಪಡುವುದರಿಂದ ಕಿವಿಗಳಿಗೂ ಹಿಂಸೆ. ಮೇಲೇರಿ ಬಂದವನು ಹೊರಹೋಗಲು ಮತ್ತೆ ಇಳಿದು ಮತ್ತೆ ಏರಬೇಕಾದುದು ಕರಗಿದ ಅನಿಲವು ಮೈಯೊಳಗೆ ಗುಳ್ಳೆಗಟ್ಟಿ ತರುವ ಒತ್ತಡರೋಗದ ದೃಷ್ಟಿಯಿಂದ ಅಹಿತಕರವಾದ ಕ್ರಮ.

ಮಾರ್ಗದ ಹುರಿಯೆಂದರೆ ರೀಲಿಗೆ ಸುತ್ತಿದ, ನೈಲಾನಿನಂಥ ಕೃತಕ ನೂಲಿನ ಹೆಣಿಗೆಯ ತೆಳುದಾರ. ಅದನ್ನು ಹೊರಗೆ, ಬೆಳಕಿರುವ ತೆರೆದ ನೀರಿನಲ್ಲಿ ಒಮ್ಮೆ ಕಟ್ಟಿ, ಬಾಗಿಲಿನ ಸ್ವಲ್ಪ ಒಳಗೆ ಇನ್ನೊಮ್ಮೆ ಕಟ್ಟಿ, ಮುಂದೆ ಬಂಡೆಗಳ ಮೂಲೆಗಳಿಗೆ ಸುತ್ತುತ್ತ ಸಾಗುವುದು ಕ್ರಮ. ಹೂಳೆದ್ದು ಕಣ್ಣು ಕಾಣದಾದರೂ ಬೆರಳುಗಳ ನಡುವೆ ಹುರಿಯಿದ್ದರೆ ಬಾಗಿಲು ಸಿಕ್ಕುತ್ತದೆ. ದಿಕ್ಕನ್ನು ಸ್ಪರ್ಶದಿಂದಲೇ ತಿಳಿಯುವಂತೆ, ಹೊರಬಾಗಿಲ ಕಡೆಗೆ ಮೊನೆಮಾಡಿದ ಪ್ಲಾಸ್ಟಿಕ್ ಬಾಣಗಳನ್ನು ಅದಕ್ಕೆ ಸಿಕ್ಕಿಸುತ್ತಾರೆ. ಲಾವಾ ನಾಳದಲ್ಲಿ ಈ ಕೆಲಸವು ಸುಣ್ಣಕಲ್ಲಿನ ಗುಹೆಗಿಂತ ಕಷ್ಟತರ. ಅಲೆಯ ಓಲಾಟಕ್ಕೆ ಸಿಕ್ಕ ಹುರಿಯು ಬಸಾಲ್ಟಿನ ಅಂಚಿಗೆ ಉಜ್ಜಿ ಕಡಿದುಹೋಗಬಹುದು. ಸಡಿಲವಾದರೆ ಸರಿದು, ಮನುಷ್ಯನ ಮೈ ತೂರದ ಸಂದಿನೊಳಕ್ಕೆ ಹೊಕ್ಕು, ಕುರುಡಾಗಿ ಅದನ್ನು ಹಿಡಿದು ಬರುವವನನ್ನು ಗೋಡೆಗೆ ತಂದು ನಿಲ್ಲಿಸಬಹುದು. ಆದಕಾರಣ ಬಿಗಿಯಾಗಿ, ಹತ್ತಿರಹತ್ತಿರದ ಕಟ್ಟುಗಳೊಡನೆ, ನೆಲಕ್ಕೆ ಸಮೀಪವಾಗಿ, ಈಜುವ ದಾರಿಗೆ ಅಡ್ಡವಾಗದಂತೆ ಹಾಯಿಸಬೇಕು. ಚಿಕ್ಕ ನಾಳಕ್ಕೆ ಹುರಿಯೇಕೆಂದು ಕೇಳುವವರುಂಟು. ಹೊಗುವಾಗ ತಿಳಿಯಾಗಿದ್ದ ನೀರು, ಹಿಂದಿನವನ ಕಾಲಿನ ಒಂದು ಬಡಿತದಿಂದ, ಬಿಟ್ಟ ಉಸಿರಿನ ಗುಳ್ಳೆಗಳು ಚಾವಣಿಯಿಂದ ಉದುರಿಸಿದ ಕಸದಿಂದ ಕ್ಷಣಮಾತ್ರದಲ್ಲಿ ಕದಡಬಲ್ಲುದೆಂಬುದೇ ಅವರಿಗೆ ಉತ್ತರ.

ಉಪಕರಣಗಳ ವಿಷಯದಲ್ಲಿ ವಿಶೇಷವಾಗಿ ಹೇಳಬೇಕಾದುದು ಸ್ವಲ್ಪ. ಒಬ್ಬೊಬ್ಬನಿಗೂ ಮೂರು ಟಾರ್ಚುಗಳು, ಒಂದೊಂದೂ ಇಡೀ ಅವಧಿಗೆ ಸಾಕಾಗುವಂಥವು. ಎರಡು ರೆಗ್ಯುಲೇಟರುಗಳು, ಅವುಗಳಲ್ಲಿ ಒಂದಕ್ಕೆ ಸುಮಾರು ಎರಡು ಮೀಟರಿನ ಉದ್ದ ಕೊಳವೆ, ಇಬ್ಬರು ಒಬ್ಬರ ಹಿಂದೊಬ್ಬರು ವಾಯುವನ್ನು ಹಂಚಿಕೊಂಡು ಕಿರಿದಾದ ದಾರಿಯಲ್ಲಿ ಬರುವುದಕ್ಕಾಗಿ. ಹುರಿ ಕಡಿಯುವ ಚಾಕು. ತಲೆಗೆ ಗಟ್ಟಿಯಾದ ಟೋಪಿ. ಜೋಲಾಡುವ ಮಾಪಕವಾಗಲಿ ನೀರಿನ ಮೇಲೆ ಉಸಿರಾಡುವ ಸ್ನಾರ್ಕೆಲ್ಲಾಗಲಿ ಇರಕೂಡದು. ಬಸಾಲ್ಟು ಎಲ್ಲವನ್ನೂ ಕೊಕ್ಕೆಯಂತೆ ಹಿಡಿಯುತ್ತದೆ.

ಶಿಕ್ಷಣಕ್ಕೆ ಮೆಟ್ಟಿಲುಗಳುಂಟು, ಅವುಗಳನ್ನು ಹಾರಿ ಹೋಗಲಾಗದು. ತೆರೆದ ನೀರಿನ ಪತ್ರವಾದ ಬಳಿಕ ಸಾಕಷ್ಟು ಅನುಭವ ಗಳಿಸಿ, ತೇಲುವಿಕೆಯ ಹತೋಟಿಯು, ಎಂದರೆ ಏರದೆ ಇಳಿಯದೆ ಒಂದೇ ಮಟ್ಟದಲ್ಲಿ ಅಡ್ಡಲಾಗಿ ನಿಲ್ಲುವ ಸಾಮರ್ಥ್ಯವು, ಸ್ವಭಾವವೇ ಆಗಿಹೋಗಬೇಕು. ಅನಂತರ ಬರುವುದು ಹಗಲಿನ ಬೆಳಕಿನ ವಲಯಕ್ಕೆ ಸೀಮಿತವಾದ ‘ಕ್ಯಾವರ್ನ್’ ಶಿಕ್ಷಣ. ಮುಳುಗುಶಿಕ್ಷಣ ನೀಡುವ ಪ್ಯಾಡಿ ಸಂಸ್ಥೆಯ ನಿಯಮದಂತೆ ಇಲ್ಲಿ ಆಳವೂ ಒಳಹೊಕ್ಕ ದೂರವೂ ಸೇರಿ ಮೇಲ್ಮೈಯಿಂದ ಒಟ್ಟು 40 ಮೀಟರನ್ನು ಮೀರಕೂಡದು, ಬಾಗಿಲು ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು. ಲಾವಾ ನಾಳಗಳಲ್ಲಿ ವಿಹರಿಸಲಿಚ್ಛಿಸುವ ಬಹುಪಾಲು ಮಂದಿಗೆ ಇಷ್ಟು ಸಾಕು. ಇದಕ್ಕಿಂತ ಕಡಿಮೆಯಾದುದು ಸಾಲದು. ಬೆಳಕನ್ನು ಬಿಟ್ಟು ಮುಂದೆ ಹೋಗುವವನು ಪ್ರಾರಂಭಿಕ ಗುಹೆ, ಪೂರ್ಣ ಗುಹೆಯೆಂಬ ಮೇಲಿನ ಶಿಕ್ಷಣಗಳನ್ನು ಪಡೆಯಬೇಕು.

ಈ ಶಿಕ್ಷಣದ ಹೆಚ್ಚಿನ ಭಾಗವು ನೀರಿನ ಹೊರಗೆ ಆರಂಭವಾಗುತ್ತದೆಂಬುದು ಹೊರಗಿನವರಿಗೆ ವಿಚಿತ್ರವೆನಿಸೀತು. ಮರದಿಂದ ಮರಕ್ಕೆ ಹುರಿಯನ್ನು ಕಟ್ಟಿ, ವಿದ್ಯಾರ್ಥಿಯ ಕಣ್ಣನ್ನು ಮುಚ್ಚಿ, ಹೆಬ್ಬೆರಳು ತೋರುಬೆರಳುಗಳ ಉಂಗುರದೊಳಗೆ ಹುರಿಯನ್ನು ಹಿಡಿದು ನಡೆಯುವಂತೆ ಮಾಡುತ್ತಾರೆ. ಮುಂದಿನವನ ಕಾಲನ್ನೋ ತೋಳನ್ನೋ ಹಿಡಿದು ಒತ್ತಿನ ಸಂಕೇತಗಳಿಂದ ಮಾತಾಡುವುದನ್ನು ಕಲಿಸುತ್ತಾರೆ. ಬಳಿಕ ನೀರಿನಲ್ಲಿ ಅದನ್ನೇ ಕಪ್ಪುಮಾಡಿದ ಮುಖವಾಡದೊಡನೆ, ಅದರ ಮೇಲೆ ಒಬ್ಬನಿಗೆ ವಾಯುವಿಲ್ಲವೆಂಬ ಕಲ್ಪನೆಯೊಡನೆ ಮಾಡಬೇಕು. ಕೈತಪ್ಪಿದ ಹುರಿಯನ್ನು ಹುಡುಕುವುದಕ್ಕೂ ಕ್ರಮವಿದೆ: ಇದ್ದಲ್ಲಿಯೇ ನಿಂತು, ಬಳಿಯಿರುವ ಚಿಕ್ಕ ಹುರಿಯುಂಡೆಯ ತುದಿಯನ್ನು ಬಂಡೆಗೆ ಕಟ್ಟಿ, ಅಲ್ಲಿಂದ ಒಂದೊಂದು ದಿಕ್ಕಿಗೂ ಹೋಗಿ ತಡಕಿ ಮರಳುವುದು. ಕಪ್ಪೆಯಂತೆ ಕಾಲನ್ನು ಅಗಲಿಸಿ ಹಿಂದಕ್ಕೆ ಒತ್ತುವ ಈಜು, ಹೂಳನ್ನು ಕೆದರದಿರುವುದಕ್ಕಾಗಿ ಕಲಿಯಬೇಕಾದದ್ದು. ಹೆಬ್ಬೆರಳನ್ನು ಮೇಲೆತ್ತಿದರೆ ಸಂಚಾರ ಮುಗಿಯಿತೆಂದು ಅರ್ಥ. ಯಾರು, ಯಾವಾಗ, ಯಾವ ಕಾರಣಕ್ಕೆ ಎತ್ತಿದರೂ ಉಳಿದವರು ಪ್ರಶ್ನಿಸದೆ ಹಿಂದಿರುಗಬೇಕು. ಗುರುವೇ ಮುಂದಿದ್ದು ಶಿಷ್ಯನು ಎತ್ತಿದರೂ ಹಾಗೆಯೇ. ಉಳಿದೆಲ್ಲ ಕೌಶಲಗಳಿಗಿಂತ ಈ ಒಂದು ರೂಢಿಯು ಹೆಚ್ಚು ಪ್ರಾಣಗಳನ್ನು ಉಳಿಸಿರಬೇಕು.

ಫ್ಲಾರಿಡದಲ್ಲೋ ಮೆಕ್ಸಿಕೋದ ಯುಕತಾನಿನಲ್ಲೋ ಪಡೆದ ಪೂರ್ಣ ಗುಹಾಶಿಕ್ಷಣವೂ ಲಾವಾ ತೀರಕ್ಕೆ ಬಂದಾಗ ಅರೆಕೊರೆಯಾಗಿರುವುದುಂಟು. ಅಲ್ಲಿನ ಶಾಂತಜಲದಲ್ಲಿ ಅಲೆಯ ತುಯ್ದಾಟವೆಂಬುದು ಪಠ್ಯದಲ್ಲಿಯೇ ಇರುವುದಿಲ್ಲ. ಸ್ಥಳೀಯ ಮಾರ್ಗದರ್ಶಿಯೊಡನೆ, ಸುಲಭವಾದ ಕಮಾನುಗಳಿಂದ ತೊಡಗಿ, ಒಂದು ತೀರದ ಋತುಸ್ವಭಾವವನ್ನು ಅರಿತ ಮೇಲೆಯೇ ಮುಂದುವರಿಯುವುದು ಕ್ಷೇಮ. ಮಾರ್ಗದರ್ಶಿಯ ಬೆನ್ನ ಹಿಂದೆ ಹೋಗುವ ವಿಶ್ವಾಸಕ್ಕೂ ಮಿತಿಯಿರಬೇಕು: ಆತನ ವಾಯು ಆತನಲ್ಲಿದೆ, ಸಾಲಿನಲ್ಲಿ ಆರನೆಯವನಾಗಿ ಈಜುವವನಿಗೆ ಆಪತ್ತು ಬಂದರೆ ಕಿರಿದಾದ ನಾಳದಲ್ಲಿ ಮೊದಲನೆಯವನು ಹಿಂದಕ್ಕೆ ತಿರುಗಿ ಬರುವುದು ಹೇಗೆ?

ಸುರಂಗವನ್ನು ಮನುಷ್ಯನಿಂದ ಕಾಪಾಡುವುದೂ ಈ ಶಿಕ್ಷಣದ ಭಾಗವೇ. ಹಮೇಓಸ್ ದೆಲ್ ಆಗ್ವಾದ ಕೊಳದಲ್ಲಿ ಕಣ್ಣು ಕಾಣದ, ಬೆಳ್ಳಗಿನ, ಕೆಲವೇ ಸೆಂಟಿಮೀಟರಿನ ಒಂದು ಜಾತಿಯ ಕುಳ್ಳು ಸಿಗಡಿಯು ವಾಸಿಸುತ್ತದೆ. ಸಂದರ್ಶಕರು ಎಸೆಯುವ ನಾಣ್ಯಗಳ ಲೋಹವು ಕರಗಿ ಇದಕ್ಕೆ ವಿಷವಾಗುವುದರಿಂದ ನಾಣ್ಯ ಹಾಕಬಾರದೆಂದು ಅಲ್ಲಿ ನಿಷೇಧವಿದೆ. ಸುರಂಗದ ಒಳಭಾಗದಲ್ಲಿ ರೆಮಿಪೀಡ್ ಎಂಬ, ಬಹಾಮಾ ದ್ವೀಪಗಳ ಗುಹೆಯೊಂದರಲ್ಲಿ 1979ರಲ್ಲಿ ಮೊದಲು ಕಂಡುಬಂದ ಕುರುಡು ಕವಚಪ್ರಾಣಿಗಳ ಬಂಧುಗಳಿವೆ; 2009ರಲ್ಲಿಯೂ ಅಲ್ಲಿಂದ ಹೊಸ ಪ್ರಭೇದವೊಂದು ವರ್ಣಿತವಾಯಿತು. ಇಂಥ ನಿಶ್ಚಲ ಜಲದಲ್ಲಿ ಬಿಟ್ಟ ಉಸಿರಿನ ಗುಳ್ಳೆಗಳು ಚಾವಣಿಯನ್ನು ಕೆಡಿಸುವುದಲ್ಲದೆ ನೀರಿನ ಅನಿಲಪ್ರಮಾಣವನ್ನೂ ಬದಲಿಸಬಲ್ಲವು. ಬಿಟ್ಟ ಉಸಿರನ್ನೇ ಶುದ್ಧಗೊಳಿಸಿ ಮರಳಿ ಕೊಡುವ ರೀಬ್ರೀದರ್ ಯಂತ್ರಗಳನ್ನು ಸಂಶೋಧಕರು ಮೆಚ್ಚುವುದಕ್ಕೆ ಇದೂ ಒಂದು ಕಾರಣ, ಆ ಯಂತ್ರಗಳಿಗೆ ಪ್ರತ್ಯೇಕವಾದ ದೀರ್ಘ ಶಿಕ್ಷಣವು ಬೇಕಾದರೂ. ಕಾಪಾಡುವುದಕ್ಕೆ ಇನ್ನೊಂದು ನಿದರ್ಶನವಾದ, ದಕ್ಷಿಣ ಕೊರಿಯದ ಜೇಜು ದ್ವೀಪದ ಯೊಂಗ್‌ಚೋನ್ ಸುರಂಗವು 2005ರಲ್ಲಿ, ಕಂಬ ನೆಡುವ ಕೆಲಸದಲ್ಲಿ ಅಕಸ್ಮಾತ್ತಾಗಿ ಬೆಳಕಿಗೆ ಬಂದಿತು. ಅದರ ತುದಿಯಲ್ಲಿ ಉದ್ದವಾದ ಸರೋವರವಿದ್ದು, 2007ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ದ್ವೀಪದ ಸುರಂಗಗಳಲ್ಲಿ ಇದೂ ಒಂದು. ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿಲ್ಲ.

ಜೀವಂತ ಜ್ವಾಲಾಮುಖಿಯ ಬಳಿ, ಈಚೆಗೆ ಕಡಲಿಗೆ ಇಳಿದ ಲಾವಾದ ಅಂಚಿನಲ್ಲಿ ಯಾವ ಶಿಕ್ಷಣವೂ ಉಪಯೋಗಕ್ಕೆ ಬಾರದು. ಹೊಸ ಲಾವಾ ಭೂಶಿರಗಳು ಸಡಿಲವಾದ ಚೂರುಗಳ ಮೇಲೆ ನಿಂತಿರುತ್ತವೆ, ಮುನ್ಸೂಚನೆಯಿಲ್ಲದೆ ಕುಸಿಯುತ್ತವೆ. ಕಾದ ರಸವು ಉಪ್ಪುನೀರಿಗೆ ತಾಗಿದಾಗ ಏಳುವ ಆವಿಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಗಾಜಿನ ಕಣಗಳೂ ಬೆರೆತಿರುತ್ತವೆ. ಹಳೆಯ ನಾಳಗಳು ಸಾಮಾನ್ಯವಾಗಿ ದೃಢವಾದರೂ ಭೂಕಂಪಕ್ಕೆ ಹೊರತಲ್ಲ. ಹವಾಯಿ ದ್ವೀಪದಲ್ಲಿ 2006ರ ಅಕ್ಟೋಬರ್ 15ರಂದು 6.7ರ ಪ್ರಮಾಣದ ಭೂಕಂಪವೂ, 2018ರ ಮೇ 4ರಂದು 6.9ರ ಪ್ರಮಾಣದ ಭೂಕಂಪವೂ ಆದವು. ಇಂಥದು ಸಂಭವಿಸಿದ ತರುವಾಯ ಪರಿಚಿತವಾದ ನಾಳವನ್ನು ಸಹ ಹೊಸದೆಂದೇ ಭಾವಿಸಿ, ಹೊರಗಿನಿಂದ ಚಾವಣಿಯನ್ನೂ ಬಿದ್ದ ಬಂಡೆಗಳನ್ನೂ ನೋಡಿಕೊಂಡು, ಹುರಿಯನ್ನು ಮೊದಲಿನಿಂದ ಹಾಯಿಸಬೇಕಾಗುತ್ತದೆ.